ಗೃಹಸ್ಥರ ವಾಹನ ವಿಚಾರ: ಕಾರು ಒಂದೇ ಪಕ್ಕಕ್ಕೆ ಎಳೆಯುವುದೇಕೆ?

ಜೋಡಿಯಲ್ಲಿ ಒಂದು ಎತ್ತು ಹಿಂಜರಿದರೆ ಗಾಡಿಯು ಆ ಎತ್ತಿನ ಕಡೆಗೇ ತಿರುಗುವುದೆಂಬುದನ್ನು ಹಳ್ಳಿಯಲ್ಲಿ ಬೆಳೆದವರೆಲ್ಲರೂ ಬಲ್ಲರು. ಮೋಟಾರಿನ ವಿಷಯವೂ ಬಹುಮಟ್ಟಿಗೆ ಹಾಗೆಯೇ. ಒಂದು ಪಕ್ಕದ ಗಾಲಿಗೆ ತಡೆಯುಂಟಾದರೆ ಕಾರು ಆ ಪಕ್ಕಕ್ಕೆ ಎಳೆಯುವುದು. ಇದರಿಂದ ತೋಳು ನೋಯುವುದೂ ಟೈರು ಸವೆಯುವುದೂ ಸಣ್ಣ ಮಾತು. ಮಳೆಯಲ್ಲಿ ಹಠಾತ್ತಾಗಿ ಬ್ರೇಕನ್ನೊತ್ತಿದಾಗ ಕಾರು ಎದುರಿನ ಲಾರಿಯ ಕಡೆಗೆ ತಿರುಗಿದರೆ ಒಳಗೆ ಕುಳಿತ ಹೆಂಡಿರು ಮಕ್ಕಳ ಗತಿಯೇನು? ಆದುದರಿಂದ ಈ ದೋಷವನ್ನು ಅಲಕ್ಷಿಸಬಾರದು.

ಮೊದಲು ರಸ್ತೆಯನ್ನು ನೋಡತಕ್ಕದ್ದು. ಮಳೆಯ ನೀರು ಹರಿದುಹೋಗಲೆಂದು ಅನೇಕ ರಸ್ತೆಗಳನ್ನು ನಡುವೆ ಉಬ್ಬಿಸಿ ಅಂಚಿಗೆ ಇಳಿಜಾರಾಗಿ ಕಟ್ಟಿರುವರು. ನಾವು ಎಡಗಡೆಯಲ್ಲಿ ಹೋಗುವವರಾದ್ದರಿಂದ ಕಾರು ಸ್ವಲ್ಪ ಎಡಕ್ಕೆ ಸರಿಯುವುದು ಸಹಜವೇ. ಜನರಿಲ್ಲದ, ಸಮತಲವಾದ, ನೇರವಾದ ರಸ್ತೆಯಲ್ಲಿ ಮಿತವೇಗದಿಂದ ನಡೆಸುತ್ತ, ಸ್ಟೀರಿಂಗಿನಿಂದ ಕೈ ತೆಗೆಯದೆ ಹಿಡಿತವನ್ನು ಮಾತ್ರ ಸಡಿಲಿಸಿ ಪರೀಕ್ಷಿಸಬೇಕು.

ಎರಡನೆಯದು ಗಾಳಿ. ಬೆಳಿಗ್ಗೆ ಕಾರು ಓಡುವ ಮುನ್ನ, ಟೈರು ತಣ್ಣಗಿರುವಾಗಲೇ ನಾಲ್ಕನ್ನೂ ಅಳೆಯಿಸಿರಿ. ಇರಬೇಕಾದ ಪ್ರಮಾಣವನ್ನು ಸಾಮಾನ್ಯವಾಗಿ ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರುವರು. ಮುಂದಿನ ಎರಡು ಟೈರುಗಳಲ್ಲಿ ಯಾವುದರಲ್ಲಿ ಗಾಳಿ ಕಡಿಮೆಯೋ ಆ ಪಕ್ಕಕ್ಕೆ ಎಳೆತವುಂಟು. ಗಾಳಿ ಸಮವಾಗಿದ್ದರೂ ಎಳೆದರೆ ಆ ಎರಡನ್ನೂ ಅದಲು ಬದಲು ಮಾಡಿಸತಕ್ಕದ್ದು. ಎಳೆತವೂ ಪಕ್ಕ ಬದಲಾಯಿಸಿದರೆ ದೋಷವು ಟೈರಿನದೇ. ಆದರೆ ತಿರುಗುವ ದಿಕ್ಕನ್ನು ಬಾಣದಿಂದ ಗುರುತಿಸಿದ ಟೈರುಗಳನ್ನು ಹೀಗೆ ಬದಲಾಯಿಸಕೂಡದು.

ಮೂರನೆಯದು ಬ್ರೇಕು. ಬ್ರೇಕನ್ನೊತ್ತಿದಾಗ ಮಾತ್ರ ಎಳೆಯುವುದಾದರೆ ಒಂದು ಪಕ್ಕದ ಬ್ರೇಕು ಇನ್ನೊಂದಕ್ಕಿಂತ ಹೆಚ್ಚಾಗಿ ಹಿಡಿಯುತ್ತಿರುವುದೆಂದು ತಿಳಿಯಿರಿ. ಇಲ್ಲೊಂದು ಸೂಕ್ಷ್ಮವುಂಟು: ಬಲಕ್ಕೆ ಎಳೆದಾಗ ರೋಗವು ಅನೇಕ ವೇಳೆ ಎಡಗಾಲಿಯಲ್ಲಿರುವುದು, ಅದು ಹಿಡಿಯದಿರುವುದರಿಂದಲೇ ಬಲದ್ದು ಗೆಲ್ಲುವುದು. ಒತ್ತದಿರುವಾಗಲೂ ಎಳೆದರೆ ಹಿಡಿದ ಬ್ರೇಕು ಬಿಡುತ್ತಿಲ್ಲವೆಂಬ ಸಂಶಯಕ್ಕೆ ಎಡೆಯುಂಟು.

ನನ್ನ ಅನುಭವವೇ ಇದಕ್ಕೆ ಸಾಕ್ಷಿ. ನನ್ನ ಕಾರು ಎಡಕ್ಕೆ ಎಳೆಯುತ್ತಿದ್ದಾಗ ಎರಡು ಬಾರಿ ಹಣ ತೆತ್ತು ವೀಲ್ ಅಲೈನ್‌ಮೆಂಟ್ ಮಾಡಿಸಿದೆನು, ಗುಣ ಕಾಣಲಿಲ್ಲ. ಒಂದು ಸಂಜೆ ಮನೆಗೆ ಬಂದು ಇಳಿದಾಗ ಸುಟ್ಟ ವಾಸನೆ. ಮುಂದಿನ ಎಡಗಾಲಿಯ ಬಳಿಗೆ ಕೈಯೊಡ್ಡಿದರೆ ಒಲೆಯ ಕಾವು, ಬಲಗಾಲಿಯಲ್ಲಿ ಅದಿರಲಿಲ್ಲ. ಬಿಚ್ಚಿ ನೋಡಿದ ಮೇಸ್ತ್ರಿಯು ಬ್ರೇಕಿನ ಪಿಸ್ಟನ್ ತುಕ್ಕಿನಿಂದ ಕಚ್ಚಿಕೊಂಡಿರುವುದನ್ನು ತೋರಿಸಿದನು. ನಾಡಿ ನೋಡದೆ ಮದ್ದು ತಿಂದಂತಾಗಿತ್ತು ನನ್ನ ಕೆಲಸ! ವಾಚಕರು ಕಾವನ್ನು ನೋಡುವಾಗ ಲೋಹವನ್ನು ಮುಟ್ಟಬಾರದು.

ಇವೆಲ್ಲವೂ ಸರಿಯಾಗಿದ್ದರೆ, ವಿಶೇಷವಾಗಿ ಗಾಲಿಯು ಹಳ್ಳಕ್ಕೆ ಬಿದ್ದ ಮೇಲೆ ಎಳೆತ ತೊಡಗಿದ್ದರೆ, ಅಲೈನ್‌ಮೆಂಟಿನ ಸರದಿ. ಅದಕ್ಕೂ ಮುಂಚೆ ಬಾಗಿದ ಭಾಗ, ಸವೆದ ಕೀಲು, ಮುರಿದ ಸ್ಪ್ರಿಂಗ್ ಇವೆಯೇ ಎಂದು ನೋಡಿಸಬೇಕು. ಸಡಿಲವಾದ ಕೀಲಿನ ಮೇಲೆ ಮಾಡಿದ ಅಳತೆಯು ನಿಲ್ಲುವುದಿಲ್ಲ.

ಮೇಸ್ತ್ರಿಗೆ “ಎಳೆಯುತ್ತದೆ” ಎಂದಷ್ಟೇ ಹೇಳದೆ, ಯಾವ ಪಕ್ಕಕ್ಕೆ, ಯಾವಾಗ, ಎಂದಿನಿಂದ ಎಂಬ ಮೂರನ್ನೂ ಹೇಳಿರಿ. ಅರ್ಧ ರೋಗವು ಅಲ್ಲಿಯೇ ತಿಳಿಯುವುದು. ಬ್ರೇಕಿನ ಸಂಶಯವಿದ್ದರಂತೂ ಅದು ತೀರುವವರೆಗೆ ಸಂಸಾರಸಮೇತವಾದ ಪ್ರಯಾಣವನ್ನು ಮುಂದಕ್ಕೆ ಹಾಕುವುದೇ ವಿವೇಕ.