ಬೆವರುವವರಿಗೆ ಬೇಕು ಗಾಳಿಯಾಡುವ ಜಾಕೆಟ್

ವಿಜಯಪುರ ಸೀಮೆಯಲ್ಲಿ ಸೆಪ್ಟೆಂಬರ್ ಮಳೆಯೇ ಜೋರು. ರಾಷ್ಟ್ರಮಟ್ಟದ ಸೈಕಲ್ ಪಟುಗಳನ್ನು ಕೊಟ್ಟ ಈ ನೆಲದಲ್ಲಿ, ನಿಡೋಣಿಯಿಂದ ಬಬಲೇಶ್ವರದ ಕಡೆಗೆ ಪೆಡಲ್ ತುಳಿಯುವವರನ್ನು ಆಗ ಕಾಡುವುದು ಚಳಿಯಲ್ಲ, ಸೆಕೆ. ಪ್ಲಾಸ್ಟಿಕ್ ರೇನ್‌ಕೋಟ್ ತೊಟ್ಟರೆ ಅರ್ಧ ದಾರಿಗೇ ಅಂಗಿ ಬೆನ್ನಿಗಂಟಿ, ತೋಳಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತದೆ.

ಇದಕ್ಕೆ ದುಬಾರಿ ಜಾಕೆಟ್ ಮದ್ದೇ? 1969ರಲ್ಲಿ ಅಮೆರಿಕದ ಬಾಬ್ ಗೋರ್ ಟೆಫ್ಲಾನ್ ಹಿಗ್ಗಿಸಿ ಕಂಡುಕೊಂಡ ಪದರದಿಂದ ಇಂಥ ಜಾಕೆಟ್‌ಗಳ ಗೋರ್‌ಟೆಕ್ಸ್ ಬಟ್ಟೆ ಹುಟ್ಟಿತು. ಮಳೆಹನಿ ಒಳಬರಬಾರದು, ಬೆವರಿನ ಆವಿ ಹೊರಹೋಗಬೇಕು ಎಂಬುದು ಅದರ ಲೆಕ್ಕ. ಆದರೆ ಆವಿ ಸರಾಗವಾಗಿ ಹೊರಹೋಗಲು ಹೊರಗಿನ ಗಾಳಿಯಲ್ಲಿ ತೇವ ಕಡಿಮೆ ಇರಬೇಕು. ನಮ್ಮ ಮಳೆಗಾಲದ ಬೆಚ್ಚನೆಯ ಹವೆಯಲ್ಲಿ ಒಳಹೊರಗಿನ ಆ ಅಂತರವೇ ಕಿರಿದು. ಮೇಲ್ಬಟ್ಟೆ ನೆನೆದು ತೊಪ್ಪೆಯಾದರಂತೂ ಆವಿಗೆ ದಾರಿ ಇನ್ನಷ್ಟು ಇಕ್ಕಟ್ಟು.

ಹೊಲದಲ್ಲಿ ರೈತರು ಹೊದೆಯುವ ಗೋಣಿಕೊಪ್ಪೆಯನ್ನೇ ನೋಡಿ: ತಲೆ, ಬೆನ್ನು ಮುಚ್ಚುತ್ತದೆ, ಮುಂಭಾಗ ತೆರೆದೇ ಇರುತ್ತದೆ. ಗಾಳಿ ಸಲೀಸಾಗಿ ಆಡುತ್ತದೆ.

ವಿಪರೀತ ಬೆವರುವವರು ಜಾಕೆಟ್‌ನಲ್ಲಿ ಮೊದಲು ನೋಡಬೇಕಾದದ್ದೂ ಈ ಗಾಳಿಯಾಟವನ್ನೇ. ಕಂಕುಳಲ್ಲಿ ಜಿಪ್, ಬೆನ್ನಿನಲ್ಲಿ ಗಾಳಿಕಿಂಡಿ, ಸೊಂಟದ ಕೆಳಗಿಳಿಯುವ ಹಿಂಭಾಗ, ಸಡಿಲ ತೋಳು ಇರಲಿ. ಒಳಗೆ ಹತ್ತಿ ಬನಿಯನ್ ಬೇಡ, ಬೇಗ ಒಣಗುವ ತೆಳು ಪಾಲಿಯೆಸ್ಟರ್ ಸಾಕು. ಹಣ ಹಾಕುವುದಾದರೆ ಪದರದ ಹೆಸರಿಗಲ್ಲ, ಈ ಕಿಂಡಿಗಳಿಗೆ ಹಾಕಿ.