50 ಹರ್ಟ್ಸ್ ಗದ್ದಲ: ತಡೆಯುವುದೋ, ಸೋಸುವುದೋ?

ನೆತ್ತಿಯ ಮೇಲೆ ಎಲೆಕ್ಟ್ರೋಡ್ ಅಂಟಿಸಿ ಮಿದುಳಿನ ಅಲೆಗಳನ್ನು ಅಳೆದರೆ ಸಿಗುವುದು ಹತ್ತರಿಂದ ನೂರು ಮೈಕ್ರೋವೋಲ್ಟ್. ಅದೇ ಕೋಣೆಯ ಟ್ಯೂಬ್‌ಲೈಟು, ಗೋಡೆಯೊಳಗಿನ ವೈರುಗಳು ಮೈಗೆ ಹತ್ತಿಸುವ 50 ಹರ್ಟ್ಸ್ ವೋಲ್ಟೇಜು ಅದರ ಸಾವಿರಾರು ಪಟ್ಟು ಇರಬಹುದು. ಇದನ್ನು ಒಳಗೆ ಬಿಡಲೇಬಾರದು ಎನ್ನುವವರು ಒಂದು ಕಡೆ, ಬಂದರೆ ಬರಲಿ, ಆಮೇಲೆ ಸೋಸೋಣ ಎನ್ನುವವರು ಇನ್ನೊಂದು ಕಡೆ.

ತಡೆಯುವವರ ವಾದ ಗಟ್ಟಿಯಾಗಿದೆ. ಗದ್ದಲಕ್ಕೆ ಆಂಪ್ಲಿಫೈಯರ್ ಒಮ್ಮೆ ಮಿತಿ ಮುಟ್ಟಿತೆಂದರೆ ಕಳೆದುಹೋದ ಸಂಕೇತವನ್ನು ಯಾವ ಸಾಫ್ಟ್‌ವೇರೂ ಮರಳಿ ತರಲಾರದು. ಆದರೆ ಅವರು ನಂಬುವ ತಾಮ್ರದ ಪಂಜರ ವಿದ್ಯುತ್ ಕ್ಷೇತ್ರವನ್ನಷ್ಟೇ ಚೆನ್ನಾಗಿ ತಡೆಯುತ್ತದೆ. 50 ಹರ್ಟ್ಸ್‌ನ ಕಾಂತಕ್ಷೇತ್ರ ತಾಮ್ರದೊಳಗೆ ಸುಮಾರು 9 ಮಿಲಿಮೀಟರ್ ಇಳಿಯುವುದರಿಂದ ತೆಳು ತಗಡು ಅದಕ್ಕೆ ಲೆಕ್ಕಕ್ಕಿಲ್ಲ. ಮ್ಯೂಮೆಟಲ್ ಎಂಬ ಮಿಶ್ರಲೋಹ ಬೇಕು, ಅದು ದುಬಾರಿ, ಬಾಗಿಸಿದರೆ ಗುಣವೂ ಕುಗ್ಗುತ್ತದೆ. ವೈರುಗಳನ್ನು ಹೆಣೆದು, ಟ್ರಾನ್ಸ್‌ಫಾರ್ಮರನ್ನು ದೂರ ಸರಿಸಿ, ಎಲ್ಲ ಉಪಕರಣಗಳಿಗೂ ಒಂದೇ ಪ್ಲಗ್‌ಪಟ್ಟಿಯಿಂದ ಅರ್ಥಿಂಗ್ ಕೊಡುವುದೇ ಎಷ್ಟೋ ಸಲ ಹೆಚ್ಚು ಕೆಲಸಕ್ಕೆ ಬರುತ್ತದೆ. (ಅರ್ಥ್ ಪಿನ್ನನ್ನೇ ಕಿತ್ತು ಗದ್ದಲ ನಿಲ್ಲಿಸುವ ಜಾಣರೂ ಇದ್ದಾರೆ. ಗದ್ದಲದ ಜೊತೆಗೆ ಪ್ರಾಣರಕ್ಷಣೆಯೂ ಹೋಯಿತು, ಅಷ್ಟೆ.)

ಇನ್ನು ಸೋಸುವವರು. ಕೆಲವು ಗದ್ದಲ ಹೊರಗಿನಿಂದ ಬರುವುದೇ ಇಲ್ಲವಲ್ಲ ಎಂಬ ಅವರ ಮಾತಿಗೆ ಉತ್ತರವಿಲ್ಲ. 1928ರಲ್ಲಿ ಜಾನ್ಸನ್ ಮತ್ತು ನೈಕ್ವಿಸ್ಟ್ ವಿವರಿಸಿದ ಉಷ್ಣಗದ್ದಲ ರೆಸಿಸ್ಟರಿನೊಳಗೇ ಹುಟ್ಟುತ್ತದೆ: ಕೋಣೆಯ ಉಷ್ಣತೆಯಲ್ಲಿ 1 ಮೆಗಾಓಮ್, 1 ಕಿಲೋಹರ್ಟ್ಸ್ ಬ್ಯಾಂಡ್‌ವಿಡ್ತ್ ಆದರೆ ಸುಮಾರು 4 ಮೈಕ್ರೋವೋಲ್ಟ್. ಪಂಜರ ಇಲ್ಲಿ ಏನು ಮಾಡೀತು? ನೂರು ಸಲ ಅಳೆದು ಸರಾಸರಿ ತೆಗೆದರೆ ಇದು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 50 ಹರ್ಟ್ಸ್‌ಗೆ ಮಾತ್ರ ಈ ಲೆಕ್ಕ ನೆಚ್ಚಿಕೊಳ್ಳುವಂಥದ್ದಲ್ಲ. ಸೆಕೆಂಡಿಗೆ ಸರಿಯಾಗಿ ಹತ್ತು ಸಲ ಪ್ರಚೋದನೆ ಕೊಟ್ಟರೆ ಪ್ರತಿಸಲವೂ ಅಲೆಯ ಅದೇ ಹಂತ ಸಿಕ್ಕಿ, ಗದ್ದಲವೂ ಸಂಕೇತದ ವೇಷದಲ್ಲಿ ಬಹುಮಟ್ಟಿಗೆ ಉಳಿದುಬಿಡುತ್ತದೆ. ಒಂದೇ ಆವರ್ತನವನ್ನು ಗುರಿಯಿಟ್ಟು ಸೋಸುವ ನಾಚ್ ಫಿಲ್ಟರ್‌ಗೂ ಬೆಲೆಯುಂಟು: ಇಸಿಜಿಯ ಮಾಹಿತಿ 150 ಹರ್ಟ್ಸ್‌ವರೆಗೂ ಹರಡಿರುವುದರಿಂದ 50ನ್ನು ಕೊರೆದು ತೆಗೆದಾಗ ಚೂಪು ಶಿಖರದ ಹಿಂದೆ ಇಲ್ಲದ ಅಲೆಗಳು ಮೂಡಬಹುದು.

ನನ್ನ ಒಲವು ಮೊದಲು ತಡೆಯುವವರ ಕಡೆಗೆ. ಆದರೆ 1946ರಲ್ಲಿ ರಾಬರ್ಟ್ ಡಿಕ್ಕಿ ರೇಡಿಯೋಮೀಟರಿನಲ್ಲಿ ಬಳಸಿದ, ಇಂದು ಲಾಕ್‌ಇನ್ ಎನ್ನುವ ಉಪಾಯವನ್ನು ಯಾವ ಪಕ್ಷಕ್ಕೂ ಸೇರಿಸಲಾರೆ. ಅಳೆಯಬೇಕಾದದ್ದು ಬೆಳಕಾದರೆ ಅದನ್ನು 137 ಹರ್ಟ್ಸ್‌ನಂಥ ತೆರಪಿರುವ ಆವರ್ತನದಲ್ಲಿ ಕತ್ತರಿಸಿ, ಅಲ್ಲಿ ಮಾತ್ರ ಕಿವಿಗೊಡುವುದು ಸೋಸುವಿಕೆಯೇ ಹೌದಾದರೂ ಪ್ರಯೋಗಕ್ಕೆ ಮೊದಲೇ ಯೋಚಿಸಿಟ್ಟದ್ದು. ಮಿದುಳಿನ ಅಲೆಗೆ ಹಾಗೆ ತಾಳ ಹಾಕಿಕೊಡಲಾಗದು. ಅಲ್ಲಿ ನಾಚ್ ಫಿಲ್ಟರ್ ಪರದೆಗಷ್ಟೇ ಇರಲಿ. ಡಿಸ್ಕಿಗೆ ಹೋಗುವ ದತ್ತಾಂಶ ಸೋಸದ್ದೇ ಆಗಿರಲಿ.