ಸಹಿ ಹಾಕದ ಪ್ರಧಾನಿ

ಲೆಬನಾನಿನಲ್ಲಿ ಮರಣದಂಡನೆ ಜಾರಿಯಾಗಲು ನ್ಯಾಯಾಲಯದ ತೀರ್ಪೊಂದೇ ಸಾಲದು. ಆದೇಶಕ್ಕೆ ರಾಷ್ಟ್ರಾಧ್ಯಕ್ಷರ ಸಹಿಯೂ ಬೇಕು, ಪ್ರಧಾನಿಯ ಸಹಿಯೂ ಬೇಕು. 2000ನೆಯ ಇಸವಿಯಲ್ಲಿ ಇಬ್ಬರು ಅಪರಾಧಿಗಳ ಕಡತ ಮುಂದೆ ಬಂದಾಗ ಪ್ರಧಾನಿ ಸಲೀಮ್ ಅಲ್-ಹೊಸ್ ಸಹಿ ಹಾಕಲು ನಿರಾಕರಿಸಿದರು. ತಾಂತ್ರಿಕ ಲೋಪವನ್ನೇನೂ ಅವರು ನೆಪ ಮಾಡಿಕೊಳ್ಳಲಿಲ್ಲ. ಮರಣದಂಡನೆ ತಮ್ಮ ಆತ್ಮಸಾಕ್ಷಿಗೆ ಒಪ್ಪದು ಎಂಬುದೇ ಅವರ ಕಾರಣವಾಗಿತ್ತು.

ಆ ನಿರಾಕರಣೆಯ ತೂಕ ತಿಳಿಯಬೇಕಾದರೆ ಅಂದಿನ ಲೆಬನಾನನ್ನು ನೆನೆಯಬೇಕು. ಹದಿನೈದು ವರ್ಷಗಳ ಅಂತರ್ಯುದ್ಧ ಮುಗಿದು ಒಂದು ದಶಕವಷ್ಟೇ ಕಳೆದಿತ್ತು. ಕೊಲೆಗೆ ಮರಣದಂಡನೆಯನ್ನು ಕಡ್ಡಾಯಗೊಳಿಸಿದ 1994ರ ಕಾನೂನು ಜಾರಿಯಲ್ಲಿತ್ತು. 1998ರ ಮೇ ತಿಂಗಳಲ್ಲಿ ತಬರ್ಜಾ ಎಂಬ ಊರಿನಲ್ಲಿ ಇಬ್ಬರನ್ನು ಜನಸಮೂಹದೆದುರೇ ಗಲ್ಲಿಗೇರಿಸಲಾಗಿತ್ತು. ಅಂಥ ನಾಡಿನಲ್ಲಿ, ಅದೂ ಚುನಾವಣೆಯ ವರ್ಷದಲ್ಲಿ, ಕೊಲೆಗಾರರ ಪ್ರಾಣ ತೆಗೆಯಲಾರೆನೆಂದು ಹೇಳುವುದರಿಂದ ಒಂದು ಮತವೂ ಹೆಚ್ಚುವುದಿಲ್ಲ. ಅಹಿಂಸೆಯನ್ನು ಪರಮಧರ್ಮವೆಂದು ನಿತ್ಯ ಪಠಿಸುವ ಮನೆಗಳಲ್ಲೂ ಗಲ್ಲಿನ ಸುದ್ದಿ ಬಂದ ದಿನ ಕೇಳಿಬರುವ ಮಾತುಗಳು ಬೇರೆಯೇ ಆಗಿರುತ್ತವೆ. ಹೊಸ್ ಅವರ ನಿಲುವಿನಿಂದ ಗಲ್ಲು ಕೆಲಕಾಲ ನಿಂತಿತು. 1994ರ ಕಾನೂನು 2001ರಲ್ಲಿ ರದ್ದಾಯಿತು. ಆದರೆ 2004ರ ಜನವರಿಯಲ್ಲಿ ಮತ್ತೆ ಮೂವರಿಗೆ ಶಿಕ್ಷೆ ಜಾರಿಯಾಯಿತು. ಆಗ ಸಹಿಯ ಅಧಿಕಾರ ಬೇರೆಯವರ ಕೈಯಲ್ಲಿತ್ತು.

ಹೊಸ್ ಮೂಲತಃ ರಾಜಕಾರಣಿಯಲ್ಲ. 1929ರಲ್ಲಿ ಬೈರೂತಿನಲ್ಲಿ ಜನಿಸಿ, ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದು, ಅರ್ಥಶಾಸ್ತ್ರದ ಅಧ್ಯಾಪಕರಾದವರು. 1966ರಲ್ಲಿ ದೇಶದ ಅತಿ ದೊಡ್ಡ ಬ್ಯಾಂಕಾಗಿದ್ದ ಇಂತ್ರಾ ಕುಸಿದುಬಿದ್ದಿತು. ಮರುವರ್ಷ ಸ್ಥಾಪನೆಯಾದ ಬ್ಯಾಂಕ್ ನಿಯಂತ್ರಣ ಆಯೋಗಕ್ಕೆ ಅವರೇ ಮೊದಲ ಅಧ್ಯಕ್ಷರು. ಅಂದರೆ ಸಾರ್ವಜನಿಕ ಜೀವನದಲ್ಲಿ ಅವರಿಗೆ ದೊರೆತ ಮೊದಲ ದೊಡ್ಡ ಹೊಣೆ ಪರರ ಠೇವಣಿಯನ್ನು ಕಾಯುವುದು. ಆ ಕೆಲಸದಲ್ಲಿ ಗಳಿಸಿದ ಹೆಸರಿನಿಂದಲೇ 1976ರ ಡಿಸೆಂಬರಿನಲ್ಲಿ ರಾಷ್ಟ್ರಾಧ್ಯಕ್ಷ ಎಲಿಯಾಸ್ ಸರ್ಕಿಸ್ ಅವರನ್ನು ಪ್ರಧಾನಿಯಾಗಿಸಿದರು.

1984ರಲ್ಲಿ ಕಾರ್ ಬಾಂಬಿನಿಂದ ಕೂದಲೆಳೆಯಲ್ಲಿ ಪಾರಾದರು. 1987ರ ಜೂನಿನಲ್ಲಿ ಪ್ರಧಾನಿ ರಶೀದ್ ಕರಾಮಿ ಕೊಲೆಯಾದಾಗ ಆ ಸ್ಥಾನ ಮತ್ತೆ ಹೊಸ್ ಅವರ ಪಾಲಿಗೆ ಬಂತು. ಮರುವರ್ಷ ದೇಶಕ್ಕೆ ಎರಡು ಸರ್ಕಾರಗಳಾದವು: ಪೂರ್ವ ಬೈರೂತಿನಲ್ಲಿ ಸೇನಾಧಿಪತಿ ಮಿಶೆಲ್ ಔನ್ ಅವರದು, ಪಶ್ಚಿಮದಲ್ಲಿ ಹೊಸ್ ಅವರದು. ಅಧ್ಯಕ್ಷ ಪದವಿ ಮಾರೊನೈಟ್ ಕ್ರೈಸ್ತರಿಗೆ, ಪ್ರಧಾನಿ ಪದವಿ ಸುನ್ನಿಗಳಿಗೆ, ಸಭಾಧ್ಯಕ್ಷ ಪದವಿ ಶಿಯಾಗಳಿಗೆ ಎಂದು 1943ರಿಂದ ಹಂಚಿಕೊಂಡಿದ್ದ ವ್ಯವಸ್ಥೆ ಅಂತಿಮವಾಗಿ ತಲುಪಿದ ಸ್ಥಿತಿ ಅದು. ಹುಟ್ಟಿನಿಂದ ಬರುವ ಪದವಿಯನ್ನೇ ಏರಿದರೂ ಅವರ ಬೆನ್ನಿಗೆ ಪಂಗಡದ ಸೇನೆಯಿರಲಿಲ್ಲ, ಪಕ್ಷವಿರಲಿಲ್ಲ, ವಂಶದ ಗತ್ತೂ ಇರಲಿಲ್ಲ.

1998ರ ಡಿಸೆಂಬರಿನಲ್ಲಿ ಕೊನೆಯ ಬಾರಿಗೆ ಪ್ರಧಾನಿಯಾದಾಗ ಅವರಿಗೆ ಸಿಕ್ಕಿದ್ದು ಸುಮಾರು 1,800 ಕೋಟಿ ಡಾಲರ್ ಸಾಲದ ಬೊಕ್ಕಸ. ಹಿಂದಿನ ಪ್ರಧಾನಿ ರಫೀಕ್ ಹರೀರಿ ಬೈರೂತನ್ನು ಮತ್ತೆ ಕಟ್ಟಿದ್ದರು, ಬಹುಪಾಲು ಸಾಲದ ಹಣದಲ್ಲಿ. ಹೊಸ್ ಮತ್ತು ಅವರ ಹಣಕಾಸು ಸಚಿವ ಜಾರ್ಜ್ ಕೋರ್ಮ್ ಐದು ವರ್ಷಗಳ ಹಣಕಾಸು ಸುಧಾರಣಾ ಯೋಜನೆ ರೂಪಿಸಿದರು. ಕಟ್ಟಡಗಳಂತೆ ಲೆಕ್ಕದ ಶಿಸ್ತು ಕಣ್ಣಿಗೆ ಬೀಳದು. ವ್ಯಾಪಾರ ಮಾತ್ರ ಮಂಕಾಯಿತು. ಆ ಸರ್ಕಾರದ ತಪ್ಪುಗಳನ್ನೂ ಮುಚ್ಚಿಡಬೇಕಾಗಿಲ್ಲ. ಭ್ರಷ್ಟಾಚಾರದ ತನಿಖೆಗಳು ಹರೀರಿ ಕಾಲದವರ ಮೇಲಷ್ಟೇ ತಿರುಗಿದಂತೆ ಕಂಡವು. ಸಿರಿಯಾದ ನೆರಳಿನಲ್ಲಿದ್ದ ಅಧ್ಯಕ್ಷ ಎಮಿಲ್ ಲಹೂದರ ಸೇಡಿಗೆ ಪ್ರಾಮಾಣಿಕ ಪ್ರಧಾನಿಯ ಹೆಸರು ಮುಸುಕಾಯಿತೆಂಬ ಟೀಕೆಯಲ್ಲಿ ಹುರುಳಿದೆ. ಸ್ವತಃ ಶುದ್ಧಹಸ್ತರಾದವರು ತಮ್ಮ ಹೆಸರನ್ನು ಯಾರು ಬಳಸುತ್ತಿದ್ದಾರೆಂಬುದನ್ನೂ ನೋಡಿಕೊಳ್ಳಬೇಕಿತ್ತು.

2000ದ ಮೇ ತಿಂಗಳಲ್ಲಿ ಇಸ್ರೇಲಿ ಸೇನೆ ದಕ್ಷಿಣ ಲೆಬನಾನಿನಿಂದ ಹಿಂತೆಗೆದಾಗ ಅಧಿಕಾರದಲ್ಲಿದ್ದದ್ದು ಅವರದೇ ಸರ್ಕಾರ. ನಾಲ್ಕು ತಿಂಗಳೊಳಗೆ ಬೈರೂತಿನ ಮತದಾರರು ಹರೀರಿಯವರ ಅಭ್ಯರ್ಥಿಗಳನ್ನು ಸಾಲುಸಾಲಾಗಿ ಗೆಲ್ಲಿಸಿ, ಹಾಲಿ ಪ್ರಧಾನಿಯನ್ನು ಸೋಲಿಸಿದರು. ಹೊಸ್ ಸೋಲನ್ನು ಒಪ್ಪಿ ರಾಜೀನಾಮೆ ಕೊಟ್ಟು ರಾಜಕೀಯದಿಂದಲೇ ನಿವೃತ್ತರಾದರು. ಸೋತ ನಾಯಕರು ಮಗನಿಗೋ ಅಳಿಯನಿಗೋ ಸ್ಥಾನ ಬಿಟ್ಟುಕೊಡುವ ನಾಡಿನಲ್ಲಿ ಅದು ಅಪರೂಪ.

ಸಾಲದ ಮೇಲೆ ಸಾಲ ಬೆಳೆಯಿತು. 2019ರ ಕೊನೆಯಲ್ಲಿ ಬ್ಯಾಂಕುಗಳು ಜನರ ಡಾಲರ್ ಠೇವಣಿಗೆ ಬೀಗ ಹಾಕಿದವು. 2020ರ ಮಾರ್ಚಿನಲ್ಲಿ ದೇಶ ತನ್ನ ವಿದೇಶಿ ಬಾಂಡುಗಳ ಹಣ ತೀರಿಸಲಾರದೆ ಕೈಚೆಲ್ಲಿತು. ಡಾಲರಿಗೆ 1,507 ಪೌಂಡ್ ಎಂದು ಎರಡು ದಶಕ ಕಟ್ಟಿಹಾಕಿದ್ದ ನಾಣ್ಯ ಕೊನೆಗೆ 89,500ಕ್ಕೆ ಇಳಿಯಿತು. ದುಡಿದು ಕೂಡಿಟ್ಟ ಪಿಂಚಣಿ, ಮಕ್ಕಳ ಓದಿನ ಹಣ ಪಾಸ್‌ಬುಕ್ಕಿನಲ್ಲಿ ಅಂಕಿಯಾಗಿ ಉಳಿದವು. ಹೊಸ್ 2024ರ ಆಗಸ್ಟ್ 25ರಂದು, ಜಾರ್ಜ್ ಕೋರ್ಮ್ ತೀರಿಕೊಂಡ ಹನ್ನೊಂದು ದಿನಗಳ ನಂತರ, 94ನೆಯ ವಯಸ್ಸಿನಲ್ಲಿ ನಿಧನರಾದರು. ಠೇವಣಿದಾರರು ಆಗಲೂ ಬ್ಯಾಂಕಿನ ಬಾಗಿಲಲ್ಲೇ ನಿಂತಿದ್ದರು. 1967ರಲ್ಲಿ ಅವರು ಕಟ್ಟಿ ನಿಲ್ಲಿಸಿದ ಆಯೋಗವೂ ತನ್ನ ಕಚೇರಿಯಲ್ಲಿ ಇದ್ದೇ ಇತ್ತು.